ಹಾಸುಗಲ್ಲಿನ ಮೇಲಣ ಮಾತು

ಚಂದಾಪುರದ ನಮ್ಮ ಮನೆಯ ನೆಲಕ್ಕೆ ಶಹಾಬಾದಿನ ಹಾಸುಗಲ್ಲು. ಅದರ ಬೂದುಮೈಯ ಮೇಲೆ ಬಳಪದ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ಒದ್ದೆಯ ಅರಿವೆಯಿಂದ ಒರಸಿದರೆ ಗುರುತೂ ಉಳಿಯದು. ಮಾತು ಬರುವ ಮೊದಲೇ ನಾನು ಆ ಕಲ್ಲಿನ ಮೇಲೆ ಮುಲ್ಲಾಮಾರಿ ಹೊಳೆಯನ್ನೂ, ನಿಲ್ದಾಣದ ಬಸ್ಸುಗಳನ್ನೂ, ಚಕ್ರದ ಒಂದೊಂದು ತಿರುಪನ್ನೂ ಬಿಡದೆ ಬರೆಯುತ್ತಿದ್ದೆನಂತೆ.

ಹುಡುಗ ಬಹು ಜಾಣನೆಂದು ಊರು ಹೊಗಳಿತು. ಆ ಹೊಗಳಿಕೆಯೇ ನನಗೆ ತೊಡಕಾಯಿತು. ಇಷ್ಟು ಜಾಣನಾದವನು ಕರೆದರೆ ಓಗೊಡನೇಕೆ? ಮುಖ ನೋಡಿ ಮಾತಾಡನೇಕೆ? ಮದುವೆಯ ಮನೆಯೊಂದರಲ್ಲಿ ನನ್ನನ್ನು ನಡುವೆ ಕೂರಿಸಿ ಚಿತ್ರ ಬರೆಯೆಂದರು. ವಾದ್ಯದ ಸದ್ದು ಕಿವಿಗೆ ಸೂಜಿಯಂತೆ ಇಳಿಯಿತು. ಬಳಪ ಎಸೆದು ಮಂಚದಡಿ ಅಡಗಿದೆ. ಆ ದಿನದ ಏಟು ಮರೆತಿದ್ದೇನೆ; ‘ಸೊಕ್ಕಿನವ’ ಎಂಬ ಮಾತನ್ನು ಮರೆತಿಲ್ಲ.

ಮೂವತ್ತು ದಾಟಿದ ಮೇಲೆ ವೈದ್ಯರೊಬ್ಬರು ಇದಕ್ಕೆ ಸ್ವಲೀನತೆ, ಎಂದರೆ ಆಟಿಸಂ, ಎಂಬ ಹೆಸರು ಹೇಳಿದರು. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದಾಗಲೇ ಇಂಥವರ ನೆನಪಿನ ಬಲವನ್ನು ಗುರುತಿಸಿದ್ದರು. ಸ್ವಲೀನರೆಲ್ಲ ಪ್ರತಿಭಾವಂತರೆಂದು ಇದರ ಅರ್ಥವಲ್ಲ. ಪ್ರತಿಭೆಯಿದ್ದವರಿಗೆ ಆಸರೆ ಬೇಡವೆಂದೂ ಅಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿದೆ.

ಲಂಡನ್ನಿನಲ್ಲಿ 1974ರಲ್ಲಿ ಹುಟ್ಟಿದ ಸ್ಟೀಫನ್ ವಿಲ್ಟ್‌ಶೈರ್ ಕೂಡ ಸ್ವಲೀನರು, ಎಳವೆಯಲ್ಲಿ ಮಾತಿಲ್ಲದವರು. ಶಿಕ್ಷಕರು ಚಿತ್ರದ ಸಾಮಗ್ರಿಯನ್ನು ಎತ್ತಿಟ್ಟು ಕಾದಾಗ ಅವರು ಕೊನೆಗೆ ಆಡಿದ ಮಾತು ‘ಕಾಗದ’. 2005ರಲ್ಲಿ, ಹೆಲಿಕಾಪ್ಟರಿನಿಂದ ಕಂಡ ಟೋಕಿಯೋ ನಗರವನ್ನು ನೆನಪಿನಿಂದಲೇ ಹತ್ತು ಮೀಟರು ಉದ್ದದ ಹಾಳೆಯ ಮೇಲೆ ಬರೆದರು. ಲೋಕ ಆ ಹಾಳೆಗೆ ಬೆರಗಾಯಿತು. ನನ್ನ ಮನಸ್ಸು ಮಾತ್ರ ಆ ಮೊದಲ ಮಾತಿನ ಬಳಿ, ಅದಕ್ಕಾಗಿ ಕಾದವರ ಬಳಿ ನಿಲ್ಲುತ್ತದೆ.

ನನಗಾಗಿ ಕಾದವಳು ಅವ್ವ. ಒಂದು ಮಧ್ಯಾಹ್ನ ನಾನು ಮನೆಯ ಚಿತ್ರ ಬರೆದಿದ್ದೆ, ಅದರಲ್ಲಿ ಜನರಿರಲಿಲ್ಲ. ಅವ್ವ ಏನೂ ಅನ್ನದೆ ಬಳಪ ತೆಗೆದುಕೊಂಡು ಬಾಗಿಲಲ್ಲಿ ಸೀರೆಯುಟ್ಟ ಒಂದು ಸೊಟ್ಟ ಗೊಂಬೆ ಬರೆದಳು. ಬಹಳ ಹೊತ್ತು ನೋಡಿದೆ. ಆಮೇಲೆ ಅದರ ಮಗ್ಗುಲಲ್ಲಿ ಒಂದು ಚಿಕ್ಕ ಗೊಂಬೆ ಬರೆದೆ.

ಈಗ ನನ್ನ ಚಿತ್ರಗಳನ್ನು ಮೊಬೈಲಿನಲ್ಲಿ ನಾಲ್ಕು ಜನರಿಗೆ ಕಳುಹಿಸುತ್ತೇನೆ. ವಾದ್ಯವಿಲ್ಲ, ಎದುರಿಗೆ ಮುಖಗಳಿಲ್ಲ. ‘ಭೇಷ್’ ಎಂದವರಿಗೆ ಏನು ಹೇಳಬೇಕೋ ಇಂದಿಗೂ ತಿಳಿಯದು. ‘ಈ ಕಿಟಕಿಯೇಕೆ ಮುಚ್ಚಿದೆ?’ ಎಂದು ಕೇಳಿದವರಿಗೆ ಮಾತ್ರ, ತಡವಾದರೂ, ಉತ್ತರ ಬರೆಯುತ್ತೇನೆ.