ಮುಳಬಾಗಿಲು ರಸ್ತೆಯ ಹಳೆಯ ಡಸ್ಟರು

ಜೂನ್ ತಿಂಗಳ ಬೆಳಗು. ಮುಳಬಾಗಿಲಿನ ಹೆದ್ದಾರಿ ಬದಿಯ ಗ್ಯಾರೇಜಿನ ಮುಂದೆ ಟೊಮೆಟೊ ಕ್ರೇಟು ಹೊತ್ತ ಲಾರಿಗಳು ಚೆನ್ನೈ ದಿಕ್ಕಿಗೆ ಒಂದರ ಹಿಂದೊಂದು ಹೋಗುತ್ತಿವೆ. ಅವು ಎಬ್ಬಿಸುವ ಗಾಳಿಗೆ ತಗಡಿನ ಮಾಡು ಗಡಗಡಿಸುತ್ತದೆ. ಗ್ರೀಸು, ಡೀಸೆಲ್ಲಿನ ವಾಸನೆಯ ನಡುವೆ ಬಾದಾಮಿ ಮಾವಿನ ಘಮ. ಅದು ಬರುತ್ತಿರುವುದು ಶ್ರೀನಿವಾಸಪುರದ ತೋಟದಿಂದ ಈಗಷ್ಟೇ ಬಂದು ನಿಂತ ಹಳೆಯ ಡಸ್ಟರ್ ಕಾರಿನ ಡಿಕ್ಕಿಯಿಂದ.

"ದಾರೀಲಿ ಟೆಂಪರೇಚರ್ ಏರ್ತಾ ಹೋಯ್ತು ಮೇಸ್ತ್ರಿ," ಎನ್ನುತ್ತಾ ಯಜಮಾನರು ಬಾನೆಟ್ ಎತ್ತುತ್ತಾರೆ.

"ಮುಚ್ಚಳ ಮುಟ್ಟಬೇಡಿ ಅಣ್ಣಾ. ಬಿಸಿ ಆರಲಿ. ಈಗ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ."

ಎಂಜಿನ್ ತಣಿಯುವಷ್ಟರಲ್ಲಿ ಮೇಸ್ತ್ರಿಯ ಕೈ ಏರ್ ಫಿಲ್ಟರಿಗೆ ಹೋಗಿದೆ. ಹೊರತೆಗೆದು ನೆಲಕ್ಕೆ ಎರಡು ಸಲ ಬಡಿದರೆ ಸಾಕು, ಮಾಲೂರಿನ ಇಟ್ಟಿಗೆ ಗೂಡುಗಳ ಕೆಂಪು ಪುಡಿ, ಕಲ್ಲು ಕ್ವಾರಿಗಳ ಬಿಳಿ ಹುಡಿ, ತೋಟದ ದಾರಿಯ ಮಣ್ಣು ಎಲ್ಲ ಒಟ್ಟಿಗೆ ಉದುರುತ್ತವೆ. ಮಡಿಕೆಗಳೊಳಗೆ ಹೀಗೆ ಧೂಳು ಕಟ್ಟಿದರೆ ಎಂಜಿನ್ನಿಗೆ ಉಸಿರು ಸಾಲದು. ಏರಿನಲ್ಲಿ ಎಳೆತ ಕುಗ್ಗುತ್ತದೆ, ಹೊಗೆ ಕಪ್ಪಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರು ಮುಗಿಯುವವರೆಗೆ ಇಲ್ಲಿ ಕಾಯುವಂತಿಲ್ಲ.

ಈ ಕಾರು ನಮ್ಮ ದೇಶಕ್ಕೆ ಬಂದದ್ದು 2012ರಲ್ಲಿ. ನೆಲದಿಂದ 205 ಮಿಲಿಮೀಟರ್ ಎತ್ತರ ನಿಲ್ಲುವುದರಿಂದ ಬಂಡಿಜಾಡಿನ ದಿಬ್ಬಕ್ಕೆ ಹೊಟ್ಟೆ ತಾಗದು. ತೋಟದವರಿಗೆ ಬೇಕಿದ್ದುದೂ ಅದೇ. 2022ರಲ್ಲಿ ನಮ್ಮಲ್ಲಿ ಆ ಮಾದರಿಯ ತಯಾರಿಕೆ ನಿಂತಿತು. ಆದರೂ ಅದರ 1461 ಸಿಸಿ ಡೀಸೆಲ್ ಎಂಜಿನ್ ನಿಸಾನ್ ಟೆರಾನೊ, ಸನ್ನಿ, ಮೈಕ್ರಾಗಳಲ್ಲೂ ಇದ್ದುದರಿಂದ ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಇಂಥ ಗಟ್ಟಿ ಗಾಡಿಯನ್ನು ಹಳತಾಯಿತೆಂದು ಗುಜರಿಗೆ ತಳ್ಳುವುದು ನನಗಂತೂ ಅನ್ಯಾಯವೆನಿಸುತ್ತದೆ.

ಈಗ ಕೂಲೆಂಟ್ ಡಬ್ಬಿಯ ಮುಚ್ಚಳ ಮೆಲ್ಲಗೆ ತಿರುಗಿತು. ಒಳಗೆ ಕೂಲೆಂಟಿನ ಬಣ್ಣವೇ ಇಲ್ಲ, ತುಕ್ಕಿನ ನೀರು. ಬಾಯಿಯ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಪೊರೆ.

"ಬೋರಿನ ನೀರು ಹಾಕಿದ್ರಾ?"

ಯಜಮಾನರು ತಲೆಯಾಡಿಸುತ್ತಾರೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಈ ಕೋಲಾರ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೆರೆಗಳಿಗೆ ಹರಿದು ಬರುತ್ತಿದ್ದರೂ ಮನೆಯಂಗಳದ ಕೊಳಾಯಿಯಲ್ಲಿ ಬರುವುದು ಹೆಚ್ಚಾಗಿ ಆಳದ ಬಂಡೆಯಿಂದೆತ್ತಿದ ಗಡಸು ನೀರೇ. ಕಾದಾಗ ಅದರ ಲವಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಚ್ಚಿಕೊಳ್ಳುತ್ತದೆ, ದಾರಿ ಕಿರಿದಾಗುತ್ತದೆ, ಶಾಖ ಹೊರಹೋಗುವುದಿಲ್ಲ. ಕೂಲೆಂಟಿಗೆ ಬೆರೆಸಬೇಕಾದದ್ದು ಡಿಸ್ಟಿಲ್ಡ್ ವಾಟರ್.

ಮೇಸ್ತ್ರಿ ಎ.ಸಿ. ಹಾಕಿಸಿ ಫ್ಯಾನ್ ತಿರುಗುವುದನ್ನು ನೋಡುತ್ತಾರೆ. ಹೋಸ್‌ಪೈಪುಗಳನ್ನು ಹಿಸುಕಿ ಬಿರುಕು ಹುಡುಕುತ್ತಾರೆ. ರೇಡಿಯೇಟರಿನ ಎಲೆಗಳಿಗೆ ಹಿಂಬದಿಯಿಂದ ನೀರು ಬಿಟ್ಟಾಗ ಹುಳು, ಹುಲ್ಲು, ಕೆಸರು ಸುರಿಯುತ್ತದೆ. ಹುಡುಗನೊಬ್ಬ ಅಷ್ಟರಲ್ಲಿ ಬ್ಯಾಟರಿಗೆ ಮೀಟರ್ ಹಿಡಿದಿದ್ದಾನೆ. ಎಂಜಿನ್ ನಿಂತಾಗ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಹತ್ತಿರ: ಆಲ್ಟರ್ನೇಟರ್ ಸರಿಯಿದೆ. ಟೈರಿನ ಪಕ್ಕದ ನಾಲ್ಕಂಕಿಯನ್ನು ಬೆರಳಿಂದ ಒರೆಸಿ ಓದುತ್ತಾನೆ, 2319. ಅಂದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರುಗಳು ಇನ್ನೂ ಆಳವಿದ್ದರೂ ರಬ್ಬರು ಬಿರುಕು ಬಿಟ್ಟಿದೆ.

"ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು?"

"ನಾನು ತಗೊಂಡ ಮೇಲೆ ಹಾಕಿಸಿಲ್ಲ."

ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಲ್ಲುತ್ತದೆ. ಕಾರು ಕಡಿಮೆ ಓಡಿದ್ದರೂ ವರ್ಷಗಳಿಗೇ ಬೆಲ್ಟ್ ಸವೆಯುತ್ತದೆ. ಹರಿಯುವ ಮುನ್ನ ಸದ್ದೂ ಮಾಡದು. ಹರಿದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

"ಮಧ್ಯಾಹ್ನ ಚಿತ್ತೂರಿಗೆ ಹಣ್ಣು ತಲುಪಿಸಬೇಕಿತ್ತಲ್ಲ," ಯಜಮಾನರು ರಾಗ ಎಳೆಯುತ್ತಾರೆ.

"ಹಣ್ಣು ಆಟೊದಲ್ಲಿ ಬಸ್‌ಸ್ಟ್ಯಾಂಡಿಗೆ ಕಳಿಸಿ. ಬೆಲ್ಟು, ಟೆನ್ಷನರು, ವಾಟರ್ ಪಂಪು ಸಂಜೆಗೆ ಕೋಲಾರದಿಂದ ತರಿಸ್ತೀನಿ. ಅದು ಹಾಕದೆ ಈ ಗಾಡೀನ ಚಿತ್ತೂರು ದಾರಿಯ ಮೊಗಿಲಿ ಘಾಟಿಗೆ ಬಿಡಲ್ಲ."