ದತ್ತಾಂಶ ಕೇಂದ್ರಗಳೂ ಕಾಡುಗೋಡಿಯ ನೀರೂ

ಕೃತಕ ಬುದ್ಧಿಮತ್ತೆಯ ಗಣನೆಗಾಗಿ ಕಟ್ಟುವ ಬೃಹತ್ ದತ್ತಾಂಶ ಕೇಂದ್ರಗಳನ್ನು ಕುರಿತು ವಿಚಾರಮಾಡುವವರು ಯಂತ್ರಗಳ ಶಕ್ತಿಯನ್ನು ಗಣಿಸುವರು. ಅವು ನೆಲೆಗೊಳ್ಳುವ ಊರಿನ ನೀರನ್ನು ಗಣಿಸುವವರು ವಿರಳ. ಇಂತಹ ಕೇಂದ್ರಗಳು ಈಗಾಗಲೇ ಇರುವ ವೈಟ್‌ಫೀಲ್ಡಿಗೂ ನೆರೆಯ ಕಾಡುಗೋಡಿಗೂ ಈ ಎರಡನೆಯ ಲೆಕ್ಕವೇ ಮುಖ್ಯವಾದುದು.

ಈ ಕಾರ್ಯಕ್ಕೆ ಬಳಸುವ ಎಚ್೧೦೦ ಎಂಬ ಒಂದು ಪ್ರೊಸೆಸರು ೭೦೦ ವಾಟ್‌ವರೆಗೆ ವಿದ್ಯುತ್ತನ್ನು ಸೇವಿಸುವುದು. ಅಂತಹವು ಸಾವಿರಗಟ್ಟಲೆ ಒಂದೆಡೆ ಸೇರುವುವು. ಸೇವಿಸಿದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗುವುದರಿಂದ ಅದನ್ನು ಹೊರಹಾಕದೆ ಯಂತ್ರ ನಡೆಯಲಾರದು. ನೀರನ್ನು ಆವಿಯಾಗಿಸಿ ತಣಿಸುವುದು ಒಂದು ಕ್ರಮ. ಒಂದು ಕಿಲೋವಾಟ್-ಗಂಟೆಯ ಶಾಖವನ್ನು ಕಳೆಯಲು ಸುಮಾರು ೧.೫ ಲೀಟರು ನೀರು ಆವಿಯಾಗಬೇಕು. ಶಾಖವೆಲ್ಲವನ್ನೂ ಹೀಗೆಯೇ ಕಳೆಯುವುದಾದರೆ ೧೦ ಮೆಗಾವಾಟ್ ಕೇಂದ್ರಕ್ಕೆ ದಿನಕ್ಕೆ ಸುಮಾರು ೩,೬೦,೦೦೦ ಲೀಟರು ಬೇಕಾಗುವುದು. ನೀರನ್ನು ಮುಚ್ಚಿದ ಕೊಳವೆಗಳಲ್ಲಿಯೇ ಸುತ್ತಿಸಿ ಗಾಳಿಯಿಂದ ತಣಿಸುವ ಕ್ರಮವೂ ಉಂಟು. ಅದರಲ್ಲಿ ನೀರು ಉಳಿಯುವುದು. ಆದರೆ ಬೇಸಿಗೆಯಲ್ಲಿ ವಿದ್ಯುತ್ತಿನ ವೆಚ್ಚ ಏರುವುದು.

ಕಾಡುಗೋಡಿಯ ಸೀಮೆ ಬಹುಕಾಲ ಕೆರೆ ಬಾವಿಗಳನ್ನು ನಂಬಿ ಬಾಳಿದುದು. ೨೦೨೪ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಈ ಭಾಗದ ಅನೇಕ ಮನೆಗಳು ಟ್ಯಾಂಕರಿನ ನೀರನ್ನು ಆಶ್ರಯಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತವು ದಿನಕ್ಕೆ ೭೭.೫ ಕೋಟಿ ಲೀಟರು ನೀರನ್ನು ಮುಖ್ಯವಾಗಿ ನಗರದಂಚಿನ ೧೧೦ ಹಳ್ಳಿಗಳಿಗೆಂದು ಯೋಜಿಸಿದುದು. ಹಾಗಾದರೆ ಸಂಸ್ಕರಿಸಿದ ಕೊಳಚೆನೀರು ಸಾಲದೆ ಎಂದು ಕೇಳಬಹುದು. ಅದಕ್ಕೂ ಹಕ್ಕುದಾರರುಂಟು: ಕೋರಮಂಗಲ-ಚಲ್ಲಘಟ್ಟ ಕಣಿವೆಯ ಅಂತಹ ನೀರು ೨೦೧೮ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ.

ಆದುದರಿಂದ ಕೇಂದ್ರವೊಂದಕ್ಕೆ ಅನುಮತಿ ನೀಡುವಾಗ ಎಷ್ಟು ಮೆಗಾವಾಟ್ ಎಂಬುದರೊಡನೆ ಯಾರ ಪಾಲಿನ ನೀರು ಎಂಬುದನ್ನೂ ದಾಖಲೆಯಲ್ಲಿ ನಮೂದಿಸುವುದು ಅವಶ್ಯಕ.