ಸುರಂಗ ಎಣಿಸಬೇಡಿ, ಲೆಕ್ಕ ಹಾಕಿ!

ಸಕಲೇಶಪುರದಲ್ಲಿ ರೈಲು ಹತ್ತಿ. ಸುಬ್ರಹ್ಮಣ್ಯ ರೋಡ್ ಕಡೆಗೆ ಘಟ್ಟ ಇಳಿಯುವಾಗ ಕಿಟಕಿ ಪಕ್ಕದಲ್ಲೇ ಕೂರಿ. ದೋಣಿಗಲ್ ದಾಟಿತು. ಕತ್ತಲು! ಬೆಳಕು! ಸೇತುವೆ! ಮತ್ತೆ ಕತ್ತಲು! ಎಡಕುಮೇರಿ ಬರುವಷ್ಟರಲ್ಲಿ ಎಂಥವರಿಗೂ ಎಣಿಕೆ ತಪ್ಪುತ್ತದೆ.

ತಪ್ಪಲಿ ಬಿಡಿ! ಎರಡೇ ಎರಡು ಸುಳಿವು ಸಾಕು. ಒಂದು ಎಣಿಕೆಯ ಪ್ರಕಾರ ಈ ದಾರಿಯ ಸುರಂಗ, ಸೇತುವೆ ಎರಡೂ ಸೇರಿ 166. ಸುರಂಗಕ್ಕಿಂತ ಸೇತುವೆ 52 ಹೆಚ್ಚು. ಹಾಗಾದರೆ ಸುರಂಗ ಎಷ್ಟು? ಊಹಿಸಿ ನೋಡೋಣ! ನಲವತ್ತೆ? ಎಂಬತ್ತೆ?

ಗೊತ್ತಿಲ್ಲದ ಸಂಖ್ಯೆಯನ್ನು ‘ಕ್ಷ’ ಎಂದಿಟ್ಟುಕೊಳ್ಳಿ. ಸುರಂಗ ಕ್ಷ. ಸೇತುವೆ ಕ್ಷ + 52. ಕೂಡಿಸಿ: 2ಕ್ಷ + 52 = 166. ಎರಡೂ ಕಡೆ 52 ಕಳೆಯಿರಿ. 2ಕ್ಷ = 114. ಈಗ ಅರ್ಧ ಮಾಡಿ...

57 ಸುರಂಗ! 109 ಸೇತುವೆ! ಕಿಟಕಿಯಾಚೆ ಇಣುಕಲೂ ಇಲ್ಲ, ಉತ್ತರ ಕೈಗೆ ಬಂತು!

ಈಗ ಆಲೂರಿನ ಕಡೆಯ ಒಂದು ಕಾಫಿ ತೋಟಕ್ಕೆ ಬನ್ನಿ. ಇಬ್ಬರು ಸೇರಿ 150 ಕಿಲೋ ಹಣ್ಣು ಕೊಯ್ದಿದ್ದಾರೆ ಎನ್ನಿ. ಒಬ್ಬರದು 30 ಕಿಲೋ ಹೆಚ್ಚು. ಯಾರಿಗೆ ಎಷ್ಟರ ಕೂಲಿ? 2ಕ್ಷ + 30 = 150. ಒಬ್ಬರದು 60, ಇನ್ನೊಬ್ಬರದು 90! ರೈಲೆಲ್ಲಿ, ಕಾಫಿಯೆಲ್ಲಿ? ಲೆಕ್ಕ ಮಾತ್ರ ಒಂದೇ!

ಇಂಥ ಲೆಕ್ಕಗಳು ಈಚಿನ ಶಾಲೆಗಳಲ್ಲಿ ಹುಟ್ಟಿದವು ಅಂದುಕೊಂಡಿರಾ? ಎಷ್ಟು ಹಿಂದಿನವು, ಹೇಳಿ! ನೂರು ವರ್ಷ? ಐನೂರು?

ಸುಮಾರು ಕ್ರಿ.ಶ. 850ರಲ್ಲೇ ಇದ್ದವು! ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಗಣಿತಜ್ಞ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಎಂಥ ಲೆಕ್ಕವಿದೆ ಗೊತ್ತೆ? ಹೂ ಹಣ್ಣುಗಳ ಭಾರಕ್ಕೆ ಕೊಂಬೆ ಬಾಗಿದ ಕಾಡು. ದಣಿದು ಬಂದ 23 ದಾರಿಹೋಕರು. ಒಂದೇ ಅಳತೆಯ 63 ಗುಡ್ಡೆ ಬಾಳೆಹಣ್ಣು, ಜೊತೆಗೆ ಬಿಡಿಯಾಗಿ 7. ಎಲ್ಲರೂ ಸಮನಾಗಿ ಹಂಚಿಕೊಂಡರು. ಒಂದೂ ಉಳಿಯಲಿಲ್ಲ! ಗುಡ್ಡೆಗೆ ಎಷ್ಟು ಹಣ್ಣು?

ಇಲ್ಲಿ ಗೊತ್ತಿಲ್ಲದವು ಎರಡು! ಗುಡ್ಡೆಯೂ ಗೊತ್ತಿಲ್ಲ, ಪಾಲೂ ಗೊತ್ತಿಲ್ಲ. ಒಂದು, ಎರಡು, ಮೂರು... ಇಟ್ಟು ನೋಡುತ್ತಾ ಹೋಗಿ. ಐದಕ್ಕೆ ಬಂದಾಗ ನೋಡಿ! 63 ಗುಡ್ಡೆಗೆ 315. ಬಿಡಿ 7 ಸೇರಿ 322. 23 ಜನಕ್ಕೆ ಹಂಚಿದರೆ ತಲೆಗೆ 14. ಒಂದೂ ಮಿಗುವುದಿಲ್ಲ!

ಮುಗಿಯಿತೆ? ಇಲ್ಲ! ಗುಡ್ಡೆಗೆ 28 ಹಣ್ಣಿದ್ದರೂ ಲೆಕ್ಕ ಸರಿ. ಆಗ ತಲೆಗೆ 77! ಈ ಎರಡು ಉತ್ತರಗಳನ್ನು ಪಕ್ಕಪಕ್ಕ ಇಡಿ. ಗುಡ್ಡೆ 5ರಿಂದ 28ಕ್ಕೆ ಏರಿತು. ಎಷ್ಟು ಹೆಚ್ಚಿತು? 23! ಪಾಲು 14ರಿಂದ 77ಕ್ಕೆ. ಅದೆಷ್ಟು? 63! ಪ್ರಶ್ನೆಯಲ್ಲಿದ್ದ ಆ ಎರಡು ಸಂಖ್ಯೆಗಳೇ ಉತ್ತರದ ಮೆಟ್ಟಿಲಾಗಿವೆ! ಹತ್ತುತ್ತಾ ಹೋದರೆ ಉತ್ತರಗಳಿಗೆ ಕೊನೆಯೇ ಇಲ್ಲ!

ಮುಂದಿನ ಮೆಟ್ಟಿಲು ನಿಮ್ಮದು. ಗುಡ್ಡೆಗೆ 51 ಹಣ್ಣು. ತಲೆಗೆಷ್ಟು? ಬೇಗ ಹೇಳಿ!